ಪರೀಕ್ಷೆಯ ಕೊಠಡಿ, ಕಾರ್ಖಾನೆಯ ಮಾನ

ಕಳೆದ ವಾರ ಸಂಜೆಯ ಹೊತ್ತಿಗೆ ನಮ್ಮ ಕಚೇರಿಗೆ ಒಬ್ಬ ಹಿರಿಯರು ಬಂದರು. ಕುಂದಾಪುರದ ಕಡೆಯವರು, ಮೂವತ್ತು ವರ್ಷಗಳಿಗೂ ಮಿಕ್ಕಿ ಮುಂಬಯಿಯ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತು ಬದುಕು ಸವೆಸಿದವರು, ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿಯೂ ಆರು ವರ್ಷ ಅಡುಗೆಯ ಹೊಣೆ ಹೊತ್ತವರು. ಅವರ ಮಗ ಇಂಜಿನಿಯರಿಂಗ್ ಪದವಿ ಪಡೆದು ಪುಣೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಸುದ್ದಿಯನ್ನು ನಾವು ಆಗಲೇ ಕೇಳಿದ್ದೆವು. ಆ ಸಂತೋಷವನ್ನು ಹಂಚಿಕೊಳ್ಳಲು ಬಂದಿರಬೇಕೆಂದು ಭಾವಿಸಿ ಚಹಾ ತರಿಸಿದೆವು. ಆದರೆ ಅವರ ಮುಖದಲ್ಲಿ ಗೆಲುವಿರಲಿಲ್ಲ.

“ಧಣಿ, ಹುಡುಗನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದ್ದಾರೆ. ಅವನ ಸಂಗಡ ಓದಿದವರೆಲ್ಲ ನಕ್ಷೆ ಬರೆಯುತ್ತಾರೆ, ಯಂತ್ರ ಕಟ್ಟುತ್ತಾರೆ. ಇವನಿಗೆ ಮಾತ್ರ ಅವರು ಕಟ್ಟಿದ್ದರಲ್ಲಿ ಹುಳುಕು ಹುಡುಕುವ ಕೆಲಸ. ಅದಾದರೂ ನೆಟ್ಟಗೆ ನಡೆಯುತ್ತಿದೆಯೋ ಎಂದರೆ ಅದೂ ಇಲ್ಲ” ಎಂದು ನಿಟ್ಟುಸಿರಿಟ್ಟರು.

ಕೇಳಿ ತಿಳಿದ ವಿಷಯ ಇಷ್ಟು. ಆ ಕಾರ್ಖಾನೆಯಲ್ಲಿ ಹಬೆಯ ಕೊಳವೆಗಳಿಗೆ ಬೇಕಾದ ವಾಲ್ವುಗಳನ್ನು ತಯಾರಿಸುತ್ತಾರೆ. ಇನ್ನೂರು ವಾಲ್ವುಗಳ ಒಂದು ಲಾಟಿನಿಂದ ಹತ್ತನ್ನು ಆರಿಸಿ ಒತ್ತಡ ಕೊಟ್ಟು ನೋಡಿದಾಗ ಎರಡು ಸೋರಿದವು. ಹುಡುಗ ಅದನ್ನು ಪುಸ್ತಕದಲ್ಲಿ ಬರೆದ. ಮೇಲಧಿಕಾರಿ ಬಂದು, ತಿಂಗಳ ಕೊನೆಯಾಯಿತು, ಮಾಲು ಹೊರಡಲೇಬೇಕು, ಬೇರೆ ಹತ್ತನ್ನು ತೆಗೆದು ನೋಡು, ಅವು ಸೋರದಿದ್ದರೆ ಆ ಫಲಿತಾಂಶವನ್ನೇ ಬರೆದು ಸಹಿ ಹಾಕು ಎಂದರಂತೆ. ಹುಡುಗ ಏನೇನೋ ನೆಪ ಹೇಳಿ ಎರಡು ದಿನ ತಳ್ಳಿದ್ದಾನೆ. ಅವನ ಕೆಲಸ ಖಾಯಂ ಆಗಲು ಇನ್ನೂ ನಾಲ್ಕು ತಿಂಗಳಿದೆ.

“ಸಹಿ ಹಾಕಿಬಿಡು ಮಗಾ ಎನ್ನಲೋ, ಬೇಡವೆನ್ನಲೋ? ಊರಿನ ಗದ್ದೆ ಅಡವಿಟ್ಟು ಓದಿಸಿದ್ದೇನೆ. ನೀವೇ ಹೇಳಬೇಕು” ಎಂದು ಅವರು ಕೈ ಮುಗಿದರು.

ನಾವು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ಯಂತ್ರಶಾಸ್ತ್ರದಲ್ಲಿ ಪಾಂಡಿತ್ಯವಿದೆಯೆಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆಯೊಂದು ನಮಗುಂಟು. ಅದು ಒಬ್ಬ ಕೆಲಸದ ಹುಡುಗನ ನೋವಿನಿಂದ ಬಂದ ಅರ್ಹತೆ. ನಮ್ಮ ಜನರ ಎಷ್ಟೋ ಮಕ್ಕಳು ಈಗ ಪುಣೆ, ಚೆನ್ನೈ, ಹೈದರಾಬಾದುಗಳ ಕಾರ್ಖಾನೆಗಳನ್ನು ಸೇರುತ್ತಿರುವುದರಿಂದ, ಆ ಹಿರಿಯರಿಗೆ ಹೇಳಿದ ಮಾತನ್ನು ವಾಚಕರ ಮುಂದೆಯೂ ಇಡುತ್ತಿದ್ದೇವೆ.

ನಮ್ಮ ಸ್ವಂತ ಪಾಠ

೨೦೦೯ರ ಮಳೆಗಾಲದಲ್ಲಿ ನಮ್ಮ ಹೋಟೆಲಿಗೆ ಇಡ್ಲಿ ಬೇಯಿಸುವ ಹೊಸ ಹಬೆಪೆಟ್ಟಿಗೆಯೊಂದನ್ನು ಕೊಂಡೆವು. ತಯಾರಿಸಿದವರ ಹೆಸರು ಇಲ್ಲಿ ಬೇಡ. ಬೆಲೆ ಅಗ್ಗವಾಗಿತ್ತು, ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಹೆಚ್ಚಾದ ಹಬೆಯನ್ನು ತಾನಾಗಿ ಹೊರಬಿಡುವ ವಾಲ್ವೊಂದು ಮೇಲೆ ಕುಳಿತಿತ್ತು. ವಾಲ್ವು ಇರುವುದನ್ನು ಕಣ್ಣಾರೆ ಕಂಡೆವು, ದುಡ್ಡು ಕೊಟ್ಟೆವು. ಅದು ಕೆಲಸ ಮಾಡುತ್ತದೆಯೇ ಎಂದು ತಯಾರಿಸಿದವನೂ ನೋಡಿರಲಿಲ್ಲ, ಮಾರಿದವನೂ ನೋಡಿರಲಿಲ್ಲ, ಕೊಂಡ ನಾವೂ ನೋಡಲಿಲ್ಲ.

ಹದಿನೇಳನೆಯ ದಿನ ಬೆಳಗಿನ ಐದೂವರೆ ಗಂಟೆಗೆ ಹಬೆ ಹೊರಹೋಗುವ ದಾರಿ ಕಾಣದೆ ಬಾಗಿಲನ್ನೇ ಕಿತ್ತೆಸೆಯಿತು. ಎದುರಿಗಿದ್ದ ಹುಡುಗನ ಬಲಗೈ ಮೊಣಕೈಯಿಂದ ಬೆರಳಿನವರೆಗೆ ಬೆಂದುಹೋಯಿತು. ಅವನು ಮೂರು ವಾರ ಆಸ್ಪತ್ರೆಯಲ್ಲಿದ್ದ. ಆಮೇಲೆ ಆ ವಾಲ್ವನ್ನು ಬಿಚ್ಚಿಸಿದಾಗ ಕಂಡದ್ದೇನು? ಬೆಸುಗೆಯ ಒಂದು ಹನಿ ಒಳಕ್ಕೆ ಇಳಿದು ರಂಧ್ರವನ್ನು ಮುಚ್ಚಿಬಿಟ್ಟಿತ್ತು. ಕಾರ್ಖಾನೆಯಿಂದ ಹೊರಡುವ ಮೊದಲು ಹತ್ತು ನಿಮಿಷ ಹಬೆ ಕೊಟ್ಟು ನೋಡಿದ್ದರೆ ಆ ಹನಿ ತಾನೇ ಸಾಕ್ಷಿ ಹೇಳುತ್ತಿತ್ತು. ಹತ್ತು ನಿಮಿಷದ ಉಳಿತಾಯಕ್ಕೆ ಒಬ್ಬ ಬಡವನ ಮಗನ ಕೈ ಬೆಲೆಯಾಯಿತು.

ಆಸ್ಪತ್ರೆಯಲ್ಲಿ ಆ ಹುಡುಗ ನಮ್ಮನ್ನು ಬೈಯಲಿಲ್ಲ. “ಹೊಸದೇ ಅಲ್ಲವಾ ಧಣಿ, ಹೊಸದು ಹೇಗೆ ಹಾಳಾಯಿತು?” ಎಂದು ಮಾತ್ರ ಕೇಳಿದ. ಆ ಪ್ರಶ್ನೆ ಇಂದಿಗೂ ನಮ್ಮ ಕಿವಿಯಲ್ಲಿದೆ. ಹೊಸದೆಂದರೆ ಒಳ್ಳೆಯದೆಂದು ನಂಬುವುದು ನಮ್ಮೆಲ್ಲರ ಅಭ್ಯಾಸ. ಯಂತ್ರವೊಂದು ಒಳ್ಳೆಯದೆನ್ನಬೇಕಾದರೆ ಅದನ್ನು ಒಮ್ಮೆಯಾದರೂ ಕಷ್ಟಕ್ಕೆ ಒಡ್ಡಿ ನೋಡಿದವನೊಬ್ಬನಿರಬೇಕು.

ನೀರಿನ ತೊಟ್ಟಿಯಲ್ಲಿ ವಿಮಾನ

ಇದು ಸಣ್ಣ ಕಾರ್ಖಾನೆಯ ಅಜ್ಞಾನದ ಮಾತಾಯಿತು ಎಂದು ಯಾರಾದರೂ ಹೇಳಬಹುದು. ಆದರೆ ದೊಡ್ಡವರೂ ಎಡವಿದ್ದಾರೆ. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪೆನಿಯು ತಯಾರಿಸಿದ ಕಾಮೆಟ್ ವಿಮಾನವು ೧೯೫೨ರ ಮೇ ೨ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಹಾರಿ, ಪ್ರಯಾಣಿಕರನ್ನು ಹೊತ್ತ ಜೆಟ್ ವಿಮಾನಗಳ ಯುಗವನ್ನೇ ಆರಂಭಿಸಿತು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಬೇಕಾಗುತ್ತದೆ. ಪ್ರತಿ ಹಾರಾಟದಲ್ಲಿಯೂ ವಿಮಾನದ ಮೈ ಬಲೂನಿನಂತೆ ಸ್ವಲ್ಪ ಉಬ್ಬಿ, ಇಳಿದಾಗ ಮತ್ತೆ ಕುಗ್ಗುತ್ತದೆ. ತಂತಿಯೊಂದನ್ನು ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ಮುರಿಯುವುದನ್ನು ಎಲ್ಲರೂ ಕಂಡಿದ್ದೇವಷ್ಟೆ. ಲೋಹದ ಈ ದಣಿವೇ ಕಾಮೆಟ್ಟಿಗೆ ಮೃತ್ಯುವಾಯಿತು.

೧೯೫೪ರ ಜನವರಿ ೧೦ರಂದು ಇಟಲಿಯ ಎಲ್ಬಾ ದ್ವೀಪದ ಸಮೀಪ ಒಂದು ಕಾಮೆಟ್ ಆಕಾಶದಲ್ಲಿಯೇ ಛಿದ್ರವಾಗಿ ಸಮುದ್ರಕ್ಕೆ ಬಿತ್ತು. ೩೫ ಮಂದಿ ಮಡಿದರು. ಏಪ್ರಿಲ್ ೮ರಂದು ನೇಪಲ್ಸಿನ ಬಳಿ ಇನ್ನೊಂದು ಬಿದ್ದು ೨೧ ಮಂದಿ ಸತ್ತರು. ಮೊದಲನೆಯದು ಅಲ್ಲಿಯವರೆಗೆ ಮಾಡಿದ್ದು ೧,೨೯೦ ಹಾರಾಟ, ಎರಡನೆಯದು ೯೦೦.

ಕಾರಣವನ್ನು ಹುಡುಕಲು ಫಾರ್ನ್‌ಬರೊ ಎಂಬಲ್ಲಿಯ ಸರಕಾರೀ ಸಂಶೋಧನಾ ಸಂಸ್ಥೆಯವರು ಇಡೀ ಒಂದು ಕಾಮೆಟ್ ವಿಮಾನದ ಒಡಲನ್ನೇ ದೊಡ್ಡ ನೀರಿನ ತೊಟ್ಟಿಯೊಳಗೆ ಇಟ್ಟರು. ಒಳಗೆ ನೀರನ್ನು ಒತ್ತಿ ತುಂಬುವುದು, ಬಿಡುವುದು. ರೆಕ್ಕೆಗಳನ್ನು ಯಂತ್ರದಿಂದ ಬಗ್ಗಿಸುವುದು, ಬಿಡುವುದು. ಹೀಗೆ ಗಂಟೆಗಳ ಹಾರಾಟದ ಶ್ರಮವನ್ನು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಕೊಡುತ್ತ ಹೋದರು. ಆ ವಿಮಾನ ಮೊದಲೇ ೧,೨೦೦ಕ್ಕೂ ಹೆಚ್ಚು ಬಾರಿ ನಿಜವಾಗಿ ಹಾರಿತ್ತು. ತೊಟ್ಟಿಯಲ್ಲಿ ೧,೮೦೦ಕ್ಕೂ ಹೆಚ್ಚು ಬಾರಿ ಒತ್ತಡ ಕಂಡ ಮೇಲೆ, ಜೂನ್ ತಿಂಗಳಲ್ಲಿ, ಅದರ ಮೈ ಕಿಟಕಿಯೊಂದರ ಮೂಲೆಯಿಂದ ಸೀಳಿತು. ಗುಟ್ಟು ಬಯಲಾಯಿತು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಡಿ ಹ್ಯಾವಿಲೆಂಡ್ ಕಂಪೆನಿಯವರು ಪರೀಕ್ಷೆಯನ್ನು ಅಲಕ್ಷಿಸಿದವರಲ್ಲ. ಅಂದಿನ ಕಾನೂನು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಪರೀಕ್ಷಿಸಿದ್ದರು. ಅವರ ಪರೀಕ್ಷೆಯ ತುಂಡು ೧೬,೦೦೦ಕ್ಕೂ ಹೆಚ್ಚು ಬಾರಿ ಒತ್ತಡ ಸಹಿಸಿತ್ತು. ಹಾಗಾದರೆ ನಿಜವಾದ ವಿಮಾನ ಸಾವಿರದ ಸುಮಾರಿಗೇ ಏಕೆ ಒಡೆಯಿತು? ದಣಿವಿನ ಪರೀಕ್ಷೆಗೆ ಬಳಸಿದ ಆ ತುಂಡಿನ ಮೇಲೆ ಅವರು ಅದಕ್ಕೆ ಮುಂಚೆಯೇ, ಬಲವನ್ನು ಅಳೆಯಲೆಂದು, ಎರಡು ಪಟ್ಟು ಒತ್ತಡ ಹಾಕಿದ್ದರು. ಆ ಭಾರೀ ಒತ್ತಡದಿಂದ ಕಿಟಕಿಯ ಮೂಲೆಗಳ ಲೋಹ ಸ್ವಲ್ಪ ಹಿಗ್ಗಿ ನೆಲೆಗೊಂಡು, ಮುಂದಿನ ದಣಿವನ್ನು ತಡೆಯುವ ಶಕ್ತಿ ಪಡೆದುಬಿಟ್ಟಿತ್ತು. ಪ್ರಯಾಣಿಕರು ಕುಳಿತ ವಿಮಾನಗಳಿಗೆ ಆ ಸಂಸ್ಕಾರವಾಗಿರಲಿಲ್ಲ. ಅರ್ಥಾತ್, ಪರೀಕ್ಷಿಸಿದ್ದು ಒಂದು ವಸ್ತು, ಮಾರಿದ್ದು ಇನ್ನೊಂದು.

ನಮ್ಮ ಅಡುಗೆಯವರಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಆದರೆ ಆ ಅಗುಳು ಅದೇ ಹಂಡೆಯದಾಗಿರಬೇಕು. ಪಕ್ಕದ ಒಲೆಯ ಮೇಲಿನ ಹಂಡೆಯ ಅಗುಳನ್ನು ಹಿಸುಕಿ ಈ ಹಂಡೆಯನ್ನು ಇಳಿಸಿದರೆ ಊಟಕ್ಕೆ ಕುಳಿತವರ ಎಲೆಗೆ ಅಕ್ಕಿಯೇ ಬಿದ್ದೀತು. ಡಿ ಹ್ಯಾವಿಲೆಂಡ್‌ನವರ ತಪ್ಪು ಅರಿಯದೆ ಆದದ್ದು. ನಮ್ಮ ಪುಣೆಯ ಹುಡುಗನಿಗೆ ಅರಿತೇ ಆ ತಪ್ಪನ್ನು ಮಾಡೆಂದು ಹೇಳುತ್ತಿದ್ದಾರೆ. ಸೋರಿದ ಎರಡನ್ನು ಬದಿಗಿಟ್ಟು, ಸೋರದ ಹತ್ತನ್ನು ಹುಡುಕಿ ತೆಗೆದು ಬರೆದರೆ ಅದು ಪರೀಕ್ಷೆಯಾಗುವುದಿಲ್ಲ. ಬೆಂದ ಅಗುಳನ್ನು ಮಾತ್ರ ಆರಿಸಿ ತೋರಿಸಿದಂತಾಗುತ್ತದೆ.

ಕೇಳದೆ ಹೋದ ಎಚ್ಚರಿಕೆ

ಪರೀಕ್ಷೆ ಸರಿಯಾಗಿ ನಡೆದರೂ ಅದರ ಮಾತನ್ನು ಕೇಳುವ ಕಿವಿ ಮೇಲಿನವರಲ್ಲಿ ಇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಾಲೆಂಜರ್ ಗಗನನೌಕೆಯೇ ಸಾಕ್ಷಿ. ಆ ನೌಕೆಯನ್ನು ಮೇಲಕ್ಕೆ ಒಯ್ಯುವ ರಾಕೆಟ್ಟುಗಳನ್ನು ಮಾರ್ಟನ್ ಥಯೋಕಾಲ್ ಎಂಬ ಕಂಪೆನಿ ತಯಾರಿಸುತ್ತಿತ್ತು. ರಾಕೆಟ್ಟಿನ ಭಾಗಗಳು ಕೂಡುವಲ್ಲಿ ಬೆಂಕಿ ಹೊರಕ್ಕೆ ನುಗ್ಗದಂತೆ ರಬ್ಬರಿನ ಬಳೆಗಳನ್ನು ಹಾಕಿದ್ದರು. ನಮ್ಮ ಕುಕ್ಕರಿನ ಮುಚ್ಚಳದಲ್ಲಿರುವ ರಬ್ಬರಿನ ಬಳೆಯನ್ನು ನೆನೆದರೆ ಅದರ ಉಪಯೋಗ ತಿಳಿಯುತ್ತದೆ.

ರೋಜರ್ ಬಾಯ್ಜೊಲಿ ಮೊದಲಾದ ಕಂಪೆನಿಯ ಇಂಜಿನಿಯರುಗಳು ೧೯೮೫ರಲ್ಲಿ ಆ ಬಳೆಯನ್ನು ಒತ್ತಿ ಬಿಟ್ಟು ಪರೀಕ್ಷಿಸಿದರು. ಸುಮಾರು ೩೮ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಸಂಪರ್ಕ ಬಿಡದೆ ಕೂಡಲೇ ಹಿಂದಿನ ಆಕಾರಕ್ಕೆ ಬಂತು. ೨೪ ಡಿಗ್ರಿಯಲ್ಲಿ ಎರಡೂವರೆ ಸೆಕೆಂಡಿನಷ್ಟು ತಡವಾಯಿತು. ೧೦ ಡಿಗ್ರಿಯಲ್ಲಿ ಹತ್ತು ನಿಮಿಷ ಕಾದರೂ ಅದು ತನ್ನ ಜಾಗವನ್ನು ತುಂಬಲಿಲ್ಲ. ಚಳಿಯಲ್ಲಿ ರಬ್ಬರು ಗಡುಸಾಗುವುದೆಂಬ ಸಾಮಾನ್ಯ ಸಂಗತಿಯನ್ನು ಅಂಕೆಗಳು ಎತ್ತಿ ಹೇಳಿದವು. ಆ ವರ್ಷದ ಜುಲೈ ತಿಂಗಳಲ್ಲಿಯೇ ಬಾಯ್ಜೊಲಿ ತಮ್ಮ ಮೇಲಿನವರಿಗೆ ಅಪಾಯದ ಬಗ್ಗೆ ಪತ್ರ ಬರೆದರು.

೧೯೮೬ರ ಜನವರಿ ೨೭ರ ರಾತ್ರಿ, ಮರುದಿನ ಬೆಳಿಗ್ಗೆ ಕಡು ಚಳಿಯೆಂದು ತಿಳಿದಾಗ, ಸುಮಾರು ೧೨ ಡಿಗ್ರಿಗಿಂತ ಕೆಳಗಿನ ಶಾಖದಲ್ಲಿ ಹಾರಿಸಬಾರದೆಂದು ಈ ಇಂಜಿನಿಯರುಗಳು ದೂರವಾಣಿಯಲ್ಲಿ ವಾದಿಸಿದರು. ನಾಸಾದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕಂಪೆನಿಯ ವ್ಯವಸ್ಥಾಪಕರು ತಮ್ಮೊಳಗೇ ಮಾತನಾಡಿಕೊಂಡು, ಇಂಜಿನಿಯರುಗಳ ಮಾತನ್ನು ಬದಿಗೊತ್ತಿ, ಹಾರಿಸಬಹುದೆಂದು ಸಮ್ಮತಿ ಕಳಿಸಿದರು. ೨೮ರಂದು ಹಾರಿದ ನೌಕೆ ೭೩ ಸೆಕೆಂಡುಗಳಲ್ಲಿ ಆಕಾಶದಲ್ಲಿ ಚೂರಾಯಿತು. ಶಾಲೆಯ ಅಧ್ಯಾಪಿಕೆಯೊಬ್ಬರೂ ಸೇರಿ ಏಳು ಮಂದಿ ಮಡಿದರು. ಅಮೆರಿಕದ ಗಗನನೌಕೆ ಮತ್ತೆ ಹಾರಿದ್ದು ೧೯೮೮ರ ಸೆಪ್ಟೆಂಬರ್ ೨೯ರಂದು. ಕೆಲವು ದಿನಗಳ ವಿಳಂಬವನ್ನು ಸಹಿಸದವರು ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಹೋದ ಏಳು ಜೀವಗಳಂತೂ ಮರಳಿ ಬರಲಿಲ್ಲ.

ನಮ್ಮ ಅಡುಗೆಮನೆಯ ಸಿಲಿಂಡರು

ವಿಮಾನ, ಗಗನನೌಕೆಗಳ ಮಾತು ದೂರದ್ದಾಯಿತೆನ್ನುವವರು ತಮ್ಮ ಹೋಟೆಲಿನ ಹಿಂಬದಿಗೆ ಹೋಗಿ ನೋಡಲಿ. ಅಲ್ಲಿ ಸಾಲಾಗಿ ನಿಂತಿರುವ ಅಡುಗೆ ಅನಿಲದ ಸಿಲಿಂಡರುಗಳ ಪಕ್ಕದಲ್ಲಿ ನಮ್ಮ ಮಾಣಿಗಳು ಕುಳಿತು ಊಟ ಮಾಡುತ್ತಾರೆ. ಆ ನೆಮ್ಮದಿ ಎಲ್ಲಿಂದ ಬಂತು? ಪ್ರತಿಯೊಂದು ಹೊಸ ಸಿಲಿಂಡರಿಗೂ ಕಾರ್ಖಾನೆಯಲ್ಲಿಯೇ ನೀರು ತುಂಬಿ, ಚದರ ಸೆಂಟಿಮೀಟರಿಗೆ ೨೫ ಕಿಲೋ ತೂಕದಷ್ಟು ಒತ್ತಡ ಕೊಟ್ಟು ನೋಡುತ್ತಾರೆ. ಗಾಳಿಯ ಬದಲು ನೀರನ್ನು ಬಳಸುವುದಕ್ಕೆ ಕಾರಣವಿದೆ. ಒತ್ತಿದ ಗಾಳಿ ಸಿಲಿಂಡರು ಬಿರಿದಾಗ ಬಾಂಬಿನಂತೆ ಹಿಗ್ಗುತ್ತದೆ. ನೀರು ಹಿಗ್ಗುವುದಿಲ್ಲ, ಚಿಮ್ಮಿ ಸುಮ್ಮನಾಗುತ್ತದೆ. ಕಾಮೆಟ್ ವಿಮಾನವನ್ನು ನೀರಿನಲ್ಲಿ ಇಟ್ಟದ್ದೂ ಇದೇ ಕಾರಣಕ್ಕೆ. ಇದಲ್ಲದೆ ತಯಾರಾದ ಸಿಲಿಂಡರುಗಳಿಂದ ಮಾದರಿಯನ್ನು ಆರಿಸಿ, ಒಡೆಯುವವರೆಗೂ ಒತ್ತಡ ಏರಿಸಿ ನೋಡುತ್ತಾರೆ. ನಮ್ಮ ಹಿರಿಯರು ಹೀನವೆಂದು ಭಾವಿಸಿದ ಒಡೆಯುವ ಕೆಲಸವೇ ಇದು. ಒಂದು ಅಲ್ಲಿ ಒಡೆದರೆ ಉಳಿದವು ಇಲ್ಲಿ ಒಡೆಯುವುದಿಲ್ಲ.

ಸಿಲಿಂಡರಿಗೆ ಮರುಪರೀಕ್ಷೆಯೂ ಉಂಟು. ಅದರ ಕತ್ತಿನ ಬಳೆಯನ್ನು ಹಿಡಿದಿರುವ ಪಟ್ಟಿಗಳ ಒಳಮೈಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದನ್ನೂ ಇಸವಿಯ ಕೊನೆಯ ಎರಡು ಅಂಕೆಗಳನ್ನೂ ಬರೆದಿರುತ್ತಾರೆ. ಎ ಎಂದರೆ ಮಾರ್ಚಿಗೆ ಮುಗಿಯುವ ಮೂರು ತಿಂಗಳು, ಬಿ ಎಂದರೆ ಜೂನಿಗೆ, ಸಿ ಎಂದರೆ ಸೆಪ್ಟೆಂಬರಿಗೆ, ಡಿ ಎಂದರೆ ಡಿಸೆಂಬರಿಗೆ ಮುಗಿಯುವ ಮೂರು ತಿಂಗಳು. ಬಿ-೨೯ ಎಂದಿದ್ದರೆ ೨೦೨೯ರ ಜೂನಿನೊಳಗೆ ಅದರ ಮುಂದಿನ ಪರೀಕ್ಷೆಯಾಗಬೇಕೆಂದು ಅರ್ಥ. ಅವಧಿ ದಾಟಿದ ಸಿಲಿಂಡರು ಬಂದರೆ ಹಿಂದಕ್ಕೆ ಕಳಿಸುವ ಹಕ್ಕು ನಮ್ಮದು. ಉಗ್ರಾಣದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಹುಡುಗನೂ ಇದನ್ನು ಓದಲು ಕಲಿತಿರಬೇಕು.

ಕುಕ್ಕರಿನ ಮೇಲಿನ ಐಎಸ್‌ಐ ಗುರುತೂ ಅಂತಹುದೇ. ಸರಕಾರದವರು ಬಂದು ಪ್ರತಿ ಕುಕ್ಕರನ್ನೂ ನೋಡಿ ಮುದ್ರೆ ಒತ್ತುತ್ತಾರೆಂದು ಹಲವರು ತಿಳಿದಿದ್ದಾರೆ. ಕಾರ್ಖಾನೆಯವರು ತಮ್ಮಲ್ಲಿಯೇ ಪರೀಕ್ಷೆಯ ಸಲಕರಣೆಗಳನ್ನೂ ತಿಳಿದವರನ್ನೂ ಇಟ್ಟುಕೊಂಡು, ನಿಯಮದಂತೆ ನೋಡಿ, ದಾಖಲೆ ಬರೆಯಬೇಕೆಂಬುದೇ ಆ ಗುರುತಿನ ಕರಾರು. ಸರಕಾರದ ಕಣ್ಣು ಆಗಾಗ ಬಂದು ಹೋಗುತ್ತದೆ. ದಿನನಿತ್ಯದ ಕಣ್ಣು ಕಾರ್ಖಾನೆಯೊಳಗಿನ ಪರೀಕ್ಷಕನದೇ. ಅವನು ಸುಳ್ಳು ಬರೆದರೆ ಮುದ್ರೆಯೂ ಸುಳ್ಳಾಗುತ್ತದೆ.

ಖರ್ಚಿನ ಮಾತು

ಪರೀಕ್ಷೆಗೆ ದುಡ್ಡು ಬೇಕು, ಹೊತ್ತು ಬೇಕು, ಒಳ್ಳೆಯ ಮಾಲನ್ನು ಒಡೆದು ಹಾಳುಮಾಡಬೇಕು. ಈ ಪೈಪೋಟಿಯ ದಿನಗಳಲ್ಲಿ ಇದೆಲ್ಲ ಸಾಧ್ಯವೇ ಎಂದು ಮಾಲೀಕರು ಕೇಳುತ್ತಾರೆ. ಗಲ್ಲಾದ ಹಿಂದೆ ಕುಳಿತು ಬಂದ ನಮಗೆ ಆ ಪ್ರಶ್ನೆಯ ತೂಕ ಗೊತ್ತು. ಆದರೆ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ನಾವು ಅಗ್ಗದ ಹಬೆಪೆಟ್ಟಿಗೆಯಲ್ಲಿ ಉಳಿಸಿದ ಹಣದ ಎಷ್ಟೋ ಪಟ್ಟು ಆಸ್ಪತ್ರೆಗೆ ಹೋಯಿತು. ಕಾಮೆಟ್ ವಿಮಾನವು ಹೊಸ ರೂಪದಲ್ಲಿ ಮತ್ತೆ ಪ್ರಯಾಣಿಕರ ಸೇವೆಗೆ ಬಂದದ್ದು ೧೯೫೮ರ ಅಕ್ಟೋಬರಿನಲ್ಲಿ. ಅದೇ ತಿಂಗಳು ಅಮೆರಿಕದ ಬೋಯಿಂಗ್ ೭೦೭ ಹಾರಾಟ ಆರಂಭಿಸಿ ಮಾರುಕಟ್ಟೆಯನ್ನು ಗೆದ್ದುಕೊಂಡಿತು. ಮೊದಲು ಹಾರಿದವರು ಹಿಂದೆ ಬಿದ್ದರು.

ಆದರೂ ಆ ನೀರಿನ ತೊಟ್ಟಿಯ ಪಾಠ ವ್ಯರ್ಥವಾಗಲಿಲ್ಲ. ಕಂಡ ಸತ್ಯವನ್ನು ಬ್ರಿಟನ್ನಿನವರು ಮುಚ್ಚಿಡದೆ ಜಗತ್ತಿಗೆ ತಿಳಿಸಿದರು. ಅಂದಿನಿಂದ ವಿಮಾನಗಳ ಇಡೀ ಒಡಲನ್ನು ದಣಿವಿನ ಪರೀಕ್ಷೆಗೆ ಒಡ್ಡುವ ಪದ್ಧತಿ ಬೇರೂರಿತು. ೧೯೫೯ರಲ್ಲಿ ಸ್ಥಾಪನೆಯಾದ, ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿಯೂ ಇಂತಹ ಪರೀಕ್ಷೆಯ ಏರ್ಪಾಡು ಇದೆ. ಮೋಟಾರು ವಾಹನಗಳ ಪರೀಕ್ಷೆಗಾಗಿ ೧೯೬೬ರಲ್ಲಿ ಹುಟ್ಟಿದ ಸಂಸ್ಥೆ ಪುಣೆಯಲ್ಲಿಯೇ ಇದೆ. ಅಂತಹ ಸಂಸ್ಥೆಗಳಲ್ಲಿ ವಸ್ತುವನ್ನು ಹಿಂಸಿಸಿ ಸತ್ಯ ಹೇಳಿಸುವ ವಿದ್ಯೆಯನ್ನು ಬಲ್ಲವರಿಗೆ ಗೌರವವಿದೆ. ಸಾಮಾನ್ಯ ಕಾರ್ಖಾನೆಗಳಲ್ಲಿಯೂ ಆ ಗೌರವ ಬರಬೇಕು. ಮಾಲನ್ನು ತಯಾರಿಸುವ ವಿಭಾಗದ ಕೈಕೆಳಗೆ ಪರೀಕ್ಷಕನನ್ನು ಇಟ್ಟರೆ ಅವನ ಬಾಯಿ ಕಟ್ಟಿದಂತೆಯೇ ಸರಿ. ಅವನ ‘ಆಗದು’ ಎಂಬ ಮಾತು ನೇರವಾಗಿ ಮಾಲೀಕನನ್ನು ಮುಟ್ಟಬೇಕು. ಆ ಮಾತು ಹೇಳಿದ್ದಕ್ಕಾಗಿ ಅವನ ಅನ್ನಕ್ಕೆ ಕುತ್ತು ಬರಬಾರದು.

ಹಿರಿಯರಿಗೆ ಹೇಳಿದ್ದು

ಇಷ್ಟನ್ನೂ ಹೇಳಿ, ನಾವು ಅವರನ್ನು ಕೇಳಿದೆವು: “ಭಟ್ಟರೇ, ನಮ್ಮಲ್ಲಿದ್ದಾಗ ಸಾಂಬಾರನ್ನು ಒಲೆಯಿಂದ ಇಳಿಸುವ ಮುನ್ನ ಅಂಗೈಗೆ ಹಾಕಿಕೊಂಡು ನೋಡುತ್ತಿದ್ದಿರಲ್ಲ? ಒಂದು ದಿನ ಹುಳಿ ಹಳಸಿದೆಯೆಂದು ಇಡೀ ಕೊಪ್ಪರಿಗೆಯನ್ನು ಚೆಲ್ಲಿಸಿದಿರಿ. ಗಿರಾಕಿಗಳು ಕಾದಿದ್ದರು, ನಾನು ಸಿಟ್ಟಾಗಿ ಕೂಗಿದೆ. ನೀವು ಜಗ್ಗಲಿಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಊಟದ ವಿಷಯ ಧಣಿ. ಉಂಡವರಿಗೆ ಏನಾದರೂ ಆದರೆ?” ಎಂದರು.

“ಆ ವಾಲ್ವಿನ ಎದುರಿಗೂ ಯಾರೋ ಒಬ್ಬ ಹುಡುಗ ನಿಂತಿರುತ್ತಾನೆ” ಎಂದೆವು. ನಮ್ಮಲ್ಲಿ ಕೈ ಸುಟ್ಟುಕೊಂಡವನನ್ನು ಅಂದು ಎತ್ತಿಕೊಂಡು ಹೋದವರು ಅವರೇ. ಹೆಚ್ಚು ಹೇಳಬೇಕಾಗಲಿಲ್ಲ.

ಹುಡುಗನಿಗೆ ನಮ್ಮ ಸಲಹೆ ಇದು. ಜಗಳ ಬೇಡ, ಯಾರನ್ನೂ ಕಳ್ಳನೆನ್ನುವುದೂ ಬೇಡ. ಯಾವ ದಿನ, ಎಷ್ಟು ಒತ್ತಡದಲ್ಲಿ, ಹತ್ತರಲ್ಲಿ ಯಾವ ಎರಡು ಸೋರಿದವು ಎಂಬುದನ್ನು ಬರೆದು, ಪ್ರತಿಯೊಂದನ್ನು ತಾನಿಟ್ಟುಕೊಂಡು, ಮೇಲಧಿಕಾರಿಗೂ ಅವರ ಮೇಲಿನವರಿಗೂ ವಿನಯದಿಂದ ಕೊಡಲಿ. ಇನ್ನೂರನ್ನೂ ಒಂದೊಂದಾಗಿ ಪರೀಕ್ಷಿಸಲು ತಾನು ರಾತ್ರಿಯೂ ನಿಲ್ಲುವೆನೆಂದು ಹೇಳಲಿ. ಒಳ್ಳೆಯವು ಹೋಗಲಿ, ಸೋರುವವು ಉಳಿಯಲಿ. ಮೊದಲಿನ ಫಲಿತಾಂಶವನ್ನು ಅಳಿಸಿ ಸಹಿ ಹಾಕುವುದನ್ನು ಮಾತ್ರ ಒಪ್ಪದಿರಲಿ. ಇದರಿಂದ ಅವನ ಕೆಲಸಕ್ಕೆ ಏನೂ ಆಗದೆಂದು ಆಶ್ವಾಸನೆ ಕೊಡಲು ನಮಗೆ ಶಕ್ತಿಯಿಲ್ಲ. ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಡಲು ನಾವೂ ನಾಲ್ಕು ಬಾಗಿಲು ತಟ್ಟುತ್ತೇವೆಂದು ಮಾತು ಕೊಟ್ಟೆವು.

ಹಿರಿಯರು ನಮ್ಮ ಕಚೇರಿಯಿಂದಲೇ ಮಗನಿಗೆ ಫೋನು ಮಾಡಿದರು. ಬಹಳ ಹೊತ್ತು ಅವನ ಮಾತನ್ನೇ ಕೇಳುತ್ತಿದ್ದರು. ಕೊನೆಗೆ, “ಸೋರಿದ್ದನ್ನು ಸೋರಿದೆ ಅಂತಲೇ ಬರಿ ಮಗಾ. ಗದ್ದೆಯ ಚಿಂತೆ ನನಗಿರಲಿ” ಎಂದು ಹೇಳಿ, ತಣ್ಣಗಾಗಿದ್ದ ಚಹಾವನ್ನು ಕುಡಿದು, ರಾತ್ರಿಯ ಅಡುಗೆಗೆ ಹೊತ್ತಾಯಿತೆಂದು ಎದ್ದು ಹೊರಟರು.